ಗಂಧ ಹಚ್ಚಿಸಿಕೊಂಡ ತಟ್ಟೆ

ನಾನು ಒಂದು ತಟ್ಟೆ. ಊಟದ ತಟ್ಟೆಯಲ್ಲ, ಆರತಿಯ ತಟ್ಟೆಯೂ ಅಲ್ಲ. ಅಂಗೈಯಗಲದ, ನಡುವೆ ತೂತಿರುವ, ಒಂದು ಮಗ್ಗುಲು ಕನ್ನಡಿಯಂತೆ ಹೊಳೆಯುವ ಸಿ.ಡಿ. ನಾನು. ಕಾಶೀಬಾಯಿ ಅಕ್ಕೋರ ದನಿ ಈ ಲೋಕದಲ್ಲಿ ಎಲ್ಲಿಯೂ ಉಳಿದಿಲ್ಲ ಎಂದು ಮನೆಯವರಿಗೆ ತಿಳಿದ ದಿನ, ನಾನು ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಅವರದೇ ಮನೆಯ ಮಾಳಿಗೆಯ ಮೇಲೆ ದಾರದಲ್ಲಿ ತೂಗುತ್ತ ಹಪ್ಪಳಕ್ಕೆ ಬರುವ ಕಾಗೆಗಳನ್ನು ಓಡಿಸುತ್ತಿದ್ದೆ.

ಅಕ್ಕೋರು ತೀರಿಕೊಂಡದ್ದು ಅದಕ್ಕೆ ಒಂದು ವರ್ಷ ಮೊದಲು. ಅಂದು ಅವರ ವರ್ಷದ ತಿಥಿ. ಮಾಳಿಗೆಯ ಬೆಳಕಿಂಡಿಯ ಪಕ್ಕದಲ್ಲೇ ನನ್ನನ್ನು ಕಟ್ಟಿದ್ದರು. ಗಾಳಿ ನನ್ನನ್ನು ತಿರುಗಿಸಿದಾಗಲೆಲ್ಲ ಪಡಸಾಲೆ ಕಾಣುತ್ತಿತ್ತು. ಅಕ್ಕೋರ ಪತಿ ಈರಭದ್ರಪ್ಪ ಮಾಸ್ತರು ಮಿಂದು, ವಿಭೂತಿ ಧರಿಸಿ, ಪೇಟಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಪೇಟಿ ಎಂದರೆ ಹಾರ್ಮೋನಿಯಂ. ಅದನ್ನು ಕಲಿಸಿಯೇ ಅವರು ಮಾಸ್ತರರಾದದ್ದು. ಐದನೆಯ ವರ್ಷದಲ್ಲಿ ಸಿಡುಬು ಬಂದು ಅವರ ಕಣ್ಣು ಹೋಗಿತ್ತು. ಸೋಮವಾರದ ಭಜನೆಯ ಮಂದಿ ಗೋಡೆಗೊರಗಿ ಕುಳಿತಿದ್ದರು. ಮಾಸ್ತರರ ತಮ್ಮನ ಹೆಂಡತಿ ಶಂಕ್ರವ್ವ ದೇವರ ಜಗಲಿಯಿಂದ ಒಂದು ಕೆಂಪು ಪೆನ್‌ಡ್ರೈವನ್ನು ತಂದು, ಹೊಸದಾಗಿ ಕೊಂಡ ಸ್ಪೀಕರಿಗೆ ಸಿಕ್ಕಿಸಿದಳು.

"ತಂಗಿ, ಹಚ್ಚಿದೇನ?" ಎಂದು ಮಾಸ್ತರು ಕೇಳಿದರು.

"ಹಚ್ಚೇನ್ರಿ ಭಾವಾರ. ನೀಲಿ ದೀಪ ಹತ್ತೈತಿ."

"ದೀಪ ತಗೊಂಡ ನಾ ಏನ ಮಾಡ್ಲಿ? ದನಿ ಬರ್ಲಿ."

ದನಿ ಬರಲಿಲ್ಲ. ಶಂಕ್ರವ್ವ ಪೆನ್‌ಡ್ರೈವನ್ನು ಕಿತ್ತು, ಸೆರಗಿನಿಂದ ಒರೆಸಿ, ಮತ್ತೆ ಸಿಕ್ಕಿಸಿದಳು. ನೀಲಿ ದೀಪ ಮಿಣುಕಿತು, ಅಷ್ಟೆ. ಭಜನೆಯವರಲ್ಲಿ ಒಬ್ಬರು ಓಡಿಹೋಗಿ ಝೆರಾಕ್ಸ್ ಅಂಗಡಿಯ ಗುರುಸಿದ್ದನನ್ನು ಕರೆತಂದರು. ಏಳು ತಿಂಗಳ ಹಿಂದೆ ನನ್ನೊಳಗಿನ ಹಾಡುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟವನು ಅವನೇ. ಅವನು ತನ್ನ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ.

"ಹನ್ನೊಂದು ಹಾಡೂ ಅದಾವಲ್ರೀ! ನೋಡ್ರಿ, ಒಂದು, ಎರಡು, ಮೂರು..." ಎಂದವನ ದನಿ ಅಲ್ಲಿಗೇ ಇಳಿಯಿತು. ಒಂದೊಂದನ್ನೂ ಒತ್ತಿದ. ಒಂದೂ ಮಾತಾಡಲಿಲ್ಲ. "ಹೆಸರ ಅದಾವ್ರೀ ಮಾಸ್ತರ. ಒಳಗ ಏನೂ ಇಲ್ಲ."

ಮಾಸ್ತರು ಪೇಟಿಯ ಗಾಳಿ ತಿದಿಯನ್ನು ಮೆಲ್ಲಗೆ ಮುಚ್ಚಿ, ಕೊಂಡಿ ಹಾಕಿದರು.

"ಆಕಿ ಇವತ್ತ ಎರಡನೇ ಸಲ ಹೋದ್ಲು" ಎಂದರು.

ನಾನು ಮೇಲಿನಿಂದ ಎಲ್ಲವನ್ನೂ ಕೇಳಿದೆ. ನಾನಿಲ್ಲಿದ್ದೇನೆ, ಅಕ್ಕೋರು ನನ್ನೊಳಗಿದ್ದಾರೆ ಎಂದು ಕೂಗಬೇಕೆನಿಸಿತು. ಆದರೆ ದೇವರು ನನಗೆ ನಾಲಿಗೆ ಕೊಟ್ಟಿಲ್ಲ. ಯಾರಾದರೂ ಯಂತ್ರದಲ್ಲಿಟ್ಟು ತಿರುಗಿಸಿದರೆ ಮಾತ್ರ ನನಗೆ ದನಿ. ಗಾಳಿ ತಿರುಗಿಸಿದರೆ ಬರಿಯ ಹೊಳಪು. ಆ ಹೊಳಪಿಗೆ ಒಂದು ಕಾಗೆ ಮಾತ್ರ ಹೆದರಿ ಹಾರಿಹೋಯಿತು.

ನನ್ನ ಹುಟ್ಟಿನ ಸಂಗತಿ ಹೇಳುತ್ತೇನೆ. ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ಕಿನ ಕಾಳುಗಳನ್ನು ಕರಗಿಸಿ, ಅಚ್ಚಿನಲ್ಲಿ ಒತ್ತಿ ನನ್ನನ್ನು ತೆಗೆದರು. ಮೈಮೇಲೆ ಒಂದು ಬಣ್ಣ ಬಳಿದರು, ಅದರ ಮೇಲೆ ಬೆಳ್ಳಿಯ ತೆಳು ಲೇಪ ಹೊದಿಸಿದರು. ನಾವು ನೂರು ಜನ ಅಣ್ಣತಮ್ಮಂದಿರು ಒಂದೇ ಕಂಬಕ್ಕೆ ಕೊರಳು ಪೋಣಿಸಿಕೊಂಡು, ಒಬ್ಬರ ಮೇಲೊಬ್ಬರು ಕುಳಿತು, ಬಾಗಲಕೋಟೆಯ ದಸ್ತಗೀರಸಾಬರ ಸ್ಟುಡಿಯೋಕ್ಕೆ ಬಂದೆವು. ನನ್ನ ಅಣ್ಣಂದಿರು ಮದುವೆಯ ವಿಡಿಯೋ ಹೊತ್ತರು, ಸಿನೆಮಾ ಹಾಡು ಹೊತ್ತರು. ಯಾರ್ಯಾರು ಎಲ್ಲೆಲ್ಲಿ ಹೋದರೋ ನನಗೆ ತಿಳಿಯದು. ಕಂಬದ ತಳದಲ್ಲಿ ನಾವು ಮೂವರು ಉಳಿದಿದ್ದಾಗ ಅಕ್ಕೋರು ಬಂದರು.

ಕಾಶೀಬಾಯಿ ಅಕ್ಕೋರು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತಮೂರು ವರ್ಷ ಕಲಿಸಿ ಆ ವರ್ಷವೇ ನಿವೃತ್ತರಾಗಿದ್ದರು. ಅವರ ತಾಯಿ ಮಗ್ಗದ ಮುಂದೆ ಕುಳಿತು ಕಟ್ಟಿದ ಹನ್ನೊಂದು ಹಾಡುಗಳು ಅವರಿಗೆ ಬಾಯಿಪಾಠವಿದ್ದವು. ಆ ಹಾಡುಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವರ ಕೊರಳಲ್ಲಿ ಇದ್ದವು, ಮಾಸ್ತರರ ಪೇಟಿಯಲ್ಲಿ ಇದ್ದವು. ಭಜನೆಯವರು ಒತ್ತಾಯ ಮಾಡಿ ಇಬ್ಬರನ್ನೂ ಸ್ಟುಡಿಯೋಕ್ಕೆ ಕಳಿಸಿದ್ದರು.

ಗಂಡಹೆಂಡಿರ ಹಾಡಿಕೆಗೆ ಒಂದು ರೂಢಿಯಿತ್ತು. ಹಾಡುವವರು ಗೋಣು ಅಲುಗಿಸಿ ಸನ್ನೆ ಮಾಡಿದರೆ ಪೇಟಿಯವರು ಶುರು ಮಾಡುತ್ತಾರೆ. ಎಲ್ಲ ಕಡೆಗೂ ಹಾಗೆ. ಕಣ್ಣಿಲ್ಲದ ಮಾಸ್ತರರಿಗೆ ಸನ್ನೆ ಹೇಗೆ ತಿಳಿಯಬೇಕು? ಅದಕ್ಕೆ ಅಕ್ಕೋರು ಪ್ರತಿ ಹಾಡಿಗೂ ಮೊದಲು ಮೆಲುದನಿಯಲ್ಲಿ, "ಹೂಂ, ಹಿಡೀರಿ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದೊಡನೆ ಮಾಸ್ತರರ ಬೆರಳು ಪೇಟಿಯ ಮೇಲೆ ಇಳಿಯುತ್ತಿತ್ತು. ಅವರು ಸ್ವಲ್ಪ ಹೊತ್ತು ಬಾರಿಸಿ ದಾರಿ ಮಾಡಿಕೊಟ್ಟ ಮೇಲೆ ಅಕ್ಕೋರು ದನಿ ಎತ್ತುತ್ತಿದ್ದರು. ನಲವತ್ತು ವರ್ಷ ಹೀಗೇ ನಡೆದಿತ್ತು.

ಹನ್ನೊಂದೂ ಹಾಡು ಮುಗಿದ ಮೇಲೆ ದಸ್ತಗೀರಸಾಬರು ಕಿವಿಯ ಮೇಲಿನ ಹೆಡ್‌ಫೋನ್ ತೆಗೆದು ಹೇಳಿದರು: "ಅಕ್ಕೋರ, ಎಲ್ಲಾ ಚಲೋ ಬಂದೈತಿ. ಆದ್ರ ನಡುನಡುವ ಈ 'ಹಿಡೀರಿ' ಅನ್ನೂದೊಂದ ಕತ್ತರಿಸಿ ತಗದ್ಬಿಡ್ಲ್ಯಾ?"

"ತಗೀರಿ ತಗೀರಿ. ದೇವರ ಹಾಡಿನಾಗ ನಮ್ಮ ಸಂಸಾರದ ಮಾತು ಯಾಕ?" ಎಂದು ಅಕ್ಕೋರು ನಾಚಿದರು.

"ಬ್ಯಾಡ್ರಿ ಸಾಬರ" ಎಂದರು ಮಾಸ್ತರು. "ಅದನ್ನ ತಗದ್ರ ನನ್ನ ಪೇಟಿ ಶುರುನ ಆಗೂದಿಲ್ಲ. ಅದು ಬೀಗದ ಕೈ ಇದ್ದಂಗ."

"ಕೇಳ್ರಿ ಇವರ ಮಾತು! ನಲವತ್ತ ವರ್ಷದಾಗ ಒಂದಿನಾನೂ ಹಿಂಗ ಹೊಗಳಲಿಲ್ಲ, ಮಷಿನ್ ಮುಂದ ಹೊಗಳತಾರ!" ಎಂದು ಅಕ್ಕೋರು ನಕ್ಕರು. ದಸ್ತಗೀರಸಾಬರೂ ನಕ್ಕರು. ಕತ್ತರಿ ಬೀಳಲಿಲ್ಲ.

ಆಮೇಲೆ ನನ್ನನ್ನು ಕಂಬದಿಂದ ತೆಗೆದು ಯಂತ್ರದಲ್ಲಿ ಇಟ್ಟರು. ಬೆಳಕಿನ ಒಂದು ಸೂಜಿ ನನ್ನ ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ, ಕಣ್ಣಿಗೆ ಕಾಣದಷ್ಟು ಸಣ್ಣ ಗುರುತುಗಳನ್ನು ಸುಡುತ್ತ ಹೋಯಿತು. ನೋವಾಯಿತೆಂದು ಹೇಳಲಾರೆ. ಖಾಲಿಯಾಗಿದ್ದ ನನಗೆ ಒಂದು ಜನ್ಮ ಸಿಕ್ಕಿತು. ನನ್ನೊಳಗೆ ಬರೆದದ್ದೆಲ್ಲ ಶಿವನ ನಾಮವಾದ್ದರಿಂದ ನನ್ನ ಸ್ವಭಾವವೂ ಹಾಗೇ ಆಯಿತೆಂದು ತಿಳಿದಿದ್ದೇನೆ. ಮೊದಲ ಹಾಡು ಹೀಗಿತ್ತು: "ಹಾಸು ನಿಂದು, ಹೊಕ್ಕು ನಿಂದು, ಲಾಳಿ ಹಿಡಿದ ಕೈಯಷ್ಟ ನಂದೋ ಶಿವನ."

"ಇನ್ನೊಂದು ಪ್ರತಿ ತಗೀಲೇನ್ರಿ?" ಎಂದು ದಸ್ತಗೀರಸಾಬರು ಕೇಳಿದರು.

"ಇನ್ನೊಂದ ಯಾಕ್ರೀ? ನಾನ ಅದೀನಲ್ಲ, ಹಾಡಾಕ" ಎಂದರು ಅಕ್ಕೋರು.

ಹೀಗೆ ನಾನು ಒಬ್ಬನೇ ಉಳಿದೆ.

ಆ ಮನೆಯಲ್ಲಿ ನಾನು ಸುಖವಾಗಿ ಬಾಳಿದೆ. ಅಕ್ಕೋರು ಊರಿನ ಖಣದ ಬಟ್ಟೆಯಲ್ಲಿ ನನಗೊಂದು ಚೀಲ ಹೊಲಿದರು. ಸಾಮಾನ್ಯವಾಗಿ ನನ್ನನ್ನು ಮುಟ್ಟುತ್ತಿದ್ದವರು ಅವರೊಬ್ಬರೇ, ಅದೂ ಅಂಚು ಹಿಡಿದು. ಅವರಿಗೆ ಮೈ ಹುಷಾರಿಲ್ಲದ ಸೋಮವಾರ ನಾನೇ ಭಜನೆಗೆ ಹಾಡುತ್ತಿದ್ದೆ. ಮಾಸ್ತರು ನನ್ನೊಡನೆಯೂ ಪೇಟಿ ಬಾರಿಸುತ್ತಿದ್ದರು. ಒಳಗಿನ ಕೋಣೆಯಿಂದ ಅಕ್ಕೋರು, "ಆ ತಟ್ಟೀನ ಲಗ್ನ ಆಗಬೇಕಿತ್ತು ನೀವು" ಎಂದು ಚುಚ್ಚುತ್ತಿದ್ದರು.

ವರ್ಷಕ್ಕೊಮ್ಮೆ, ಮಹಾನವಮಿಯ ಖಂಡೇಪೂಜೆಯ ದಿನ, ನನಗೂ ಪೂಜೆ. ಅಂದು ಆ ಓಣಿಯಲ್ಲಿ ಅನ್ನ ಕೊಡುವ ಸಾಮಾನುಗಳಿಗೆಲ್ಲ ಗಂಧ, ಕುಂಕುಮ. ಮಗ್ಗಕ್ಕೆ, ಲಾಳಿಗೆ, ಕತ್ತರಿಗೆ, ಪೇಟಿಗೆ, ಸೈಕಲ್ಲಿಗೆ. ಅಕ್ಕೋರು ನನಗೂ ಒಂದು ಬೊಟ್ಟು ಇಡುತ್ತಿದ್ದರು. ನನ್ನ ಹೊಳೆಯುವ ಮಗ್ಗುಲನ್ನು ಬಟ್ಟೆಯ ಮೇಲೆ ಕೆಳಮುಖ ಮಾಡಿ, ಹೆಸರು ಬರೆದ ಮಗ್ಗುಲಿಗೆ, ತೂತಿನ ಹತ್ತಿರ, ಸಾಸಿವೆಯಷ್ಟು ಗಂಧ.

ಹೋದ ವರ್ಷ ವೈಶಾಖದಲ್ಲಿ ಅಕ್ಕೋರಿಗೆ ಜ್ವರ ಬಂತು. ಮೂರನೆಯ ದಿನ ಬೆಳಗ್ಗೆ, ಬಿಸಿನೀರು ಕೇಳಿದರು. ನೀರು ಬರುವುದರೊಳಗೆ ಹೋಗಿಬಿಟ್ಟರು. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಆಗುವುದಿಲ್ಲ.

ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಆದರೂ ಖಂಡೇಪೂಜೆಯ ದಿನ ಮಗ್ಗಕ್ಕೆ ಗಂಧ ಹಚ್ಚದೆ ಬಿಡುವವರಲ್ಲ ಅವರು. ಶಂಕ್ರವ್ವ ಮಗ್ಗದ ಪೂಜೆಯಲ್ಲಿದ್ದಾಗ ಮಾಸ್ತರು ತಾವೇ ಗಂಧ ತೇಯ್ದರು. ಪೇಟಿಗೆ ಹಚ್ಚಿದರು. ಆಮೇಲೆ ತಡವರಿಸುತ್ತ ಜಗಲಿಯ ಮೇಲಿನ ಖಣದ ಚೀಲವನ್ನು ತೆಗೆದು ನನ್ನನ್ನು ಹೊರಗೆ ತೆಗೆದರು. ಎರಡೂ ಮಗ್ಗುಲು ಸವರಿ ನೋಡಿದರು. ಒಂದು ಮಗ್ಗುಲು ಬಣ್ಣದಿಂದ ಒರಟು, ಇನ್ನೊಂದು ಎಳೆಗೂಸಿನ ಕೆನ್ನೆಯಂತೆ ನುಣುಪು. ನುಣ್ಣಗಿರುವುದೇ ಮುಖವೆಂದು ಅವರ ಬೆರಳು ಹೇಳಿತು. "ಇದರಾಗ ನೀ ಅದೀ" ಎನ್ನುತ್ತ, ಧಾರಾಳವಾಗಿ, ಹೆಬ್ಬೆರಳಿನಿಂದ ನನ್ನ ಹೊಳೆಯುವ ಮುಖಕ್ಕೆ ಗಂಧ ಬಳಿದು, ನಡುವೆ ಕುಂಕುಮವಿಟ್ಟರು. ಅದು ಬಿದ್ದದ್ದು ಮೊದಲ ಹಾಡು ಶುರುವಾಗುವ ಕಡೆಗೇ.

ನನಗೆ ತಿಳಿಯಿತು. ಬೆಳಕಿನ ಸೂಜಿ ಓದುವುದು ಆ ಮುಖವನ್ನೇ. ಅಲ್ಲಿ ಏನೂ ಅಂಟಬಾರದು. ಆದರೆ ಆ ಹೆಬ್ಬೆರಳು ಎಷ್ಟು ಅಕ್ಕರೆಯಿಂದ ಸವರುತ್ತಿತ್ತೆಂದರೆ, ಬೇಡವೆನ್ನಲು ನಾಲಿಗೆಯಿದ್ದರೂ ನಾನು ಎನ್ನುತ್ತಿರಲಿಲ್ಲ.

ಗಂಧ ಒಣಗಿದ ಮೇಲೆ ನನ್ನನ್ನು ಯಂತ್ರದಲ್ಲಿ ಇಟ್ಟರು. ಯಂತ್ರ ಕಿರ್ ಕಿರ್ ಎಂದು ತಡವರಿಸಿ ನಿಂತಿತು. ಮಾಸ್ತರು, "ವರ್ಷ ತುಂಬೂತನಕ ಆಕಿ ದನಿ ಕೇಳಬಾರದಂತ ಶಿವನ ಇಚ್ಛಾ ಕಾಣಸತೈತಿ. ವರ್ಷದ ದಿನ ಕೇಳ್ತೇನಿ" ಎಂದರು. ಅವರ ನಿಯಮ ದೊಡ್ಡದು. ಆಮೇಲೆ ಒಮ್ಮೆಯೂ ಹಚ್ಚಿರೆನ್ನಲಿಲ್ಲ.

ಶಂಕ್ರವ್ವ ಮಾತ್ರ ಯಂತ್ರ ಕೆಟ್ಟಿದೆಯೆಂದು ತಿಳಿದಳು. ವರ್ಷದ ದಿನ ತೊಂದರೆಯಾಗಬಾರದೆಂದು ನನ್ನನ್ನು ಗುರುಸಿದ್ದನ ಅಂಗಡಿಗೆ ಒಯ್ದಳು. ಅವನು ನನ್ನ ಮುಖ ನೋಡಿ, "ಏನ ಯಕ್ಕಾ ಇದು, ಸಿ.ಡಿ.ಗೂ ಅರಿಷಿಣ ಹಚ್ಚಿ ಎಣ್ಣಿ ನೀರು ಹಾಕೀರೇನು?" ಎಂದು ನಕ್ಕು, ಅಂಗಿಯ ತುದಿಯಿಂದ ಗರಗರನೆ ಸುತ್ತ ಉಜ್ಜಿದ. ಗಂಧದ ಪುಡಿ ಮರಳಿನಂತೆ ನನ್ನ ಮೈಯನ್ನು ಗೀರಿತು. ಆಮೇಲೆ ತೆರೆಯ ಮೇಲೆ ಕಂಡ ಹನ್ನೊಂದು ಹೆಸರುಗಳನ್ನು ಎಳೆದು ಕೆಂಪು ಪೆನ್‌ಡ್ರೈವಿನೊಳಗೆ ಹಾಕಿದ. ಚಹ ಆರುವ ಮೊದಲೇ ಕೆಲಸ ಮುಗಿಯಿತು.

"ಇಷ್ಟ ಲಗೂನ ಆತೇನೋ?"

"ಈಗಿನ ಮಷಿನ್ ಅಂದ್ರ ಹಂಗ ಯಕ್ಕಾ."

ಒಂದು ಗಂಟೆಯ ಹಾಡು ಒಂದು ಕ್ಷಣದಲ್ಲಿ ಹೋಯಿತೆಂದರೆ ಯಾರಾದರೂ ಅನುಮಾನಿಸಬೇಕಿತ್ತು. ನನ್ನಂಥ ಹಾಡಿನ ತಟ್ಟೆಯನ್ನು ಯಂತ್ರದಲ್ಲಿಟ್ಟರೆ ತೆರೆಯ ಮೇಲೆ ಕಾಣುವುದು ಹಾಡುಗಳ ಗುರುತುಚೀಟಿ ಮಾತ್ರ. ಹಾಡು ನನ್ನೊಳಗೇ ಇರುತ್ತದೆ. ಗುರುಸಿದ್ದ ಚೀಟಿಗಳನ್ನು ಒಯ್ದ. ಹಾಕಿ ಕೇಳಿ ನೋಡಲಿಲ್ಲ. ಮಾಸ್ತರರ ನಿಯಮವಿದ್ದ ಕಾರಣ ಮನೆಯಲ್ಲೂ ಯಾರೂ ಕೇಳಲಿಲ್ಲ.

ಖಣದ ಚೀಲದಲ್ಲಿ ನನ್ನ ಜಾಗಕ್ಕೆ ಪೆನ್‌ಡ್ರೈವ್ ಬಂತು. ನಾನು ಗುಂಡಿ, ಸೂಜಿಗಳ ಡಬ್ಬಿಗೆ ಹೋದೆ. ಬೇಸಿಗೆ ಬಂದಾಗ ಮಾಳಿಗೆಗೆ. ಆ ಕೆಂಪು ಕೂಸಿನ ಮೇಲೆ ನನಗೆ ಸಿಟ್ಟಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ದೇವರ ಜಗಲಿಯ ಮೇಲೆ ಕುಳಿತು ಪೂಜೆ ಮಾಡಿಸಿಕೊಳ್ಳುವುದು ಅದಕ್ಕೂ ಕಷ್ಟವೇ ಆಗಿದ್ದಿರಬೇಕು.

ಈಗ ಮತ್ತೆ ಆ ವರ್ಷದ ದಿನಕ್ಕೆ ಬರುತ್ತೇನೆ. ಭಜನೆಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಗುರುಸಿದ್ದ ಬಾಗಿಲ ಬಳಿ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದ. ಆಗ ಮಾಸ್ತರು ತಲೆಯೆತ್ತಿ ಕೇಳಿದರು: "ತಂಗಿ, ಆ ತಟ್ಟಿ ಎಲ್ಲೈತಿ?"

ಓಣಿಗೆಲ್ಲ ಜೋರಿನ ಬಾಯಿಯ ಶಂಕ್ರವ್ವ ಮಾಳಿಗೆಯ ಏಣಿಯನ್ನು ಸರಸರ ಹತ್ತಿ ಬಂದಳು. ದಾರ ಬಿಚ್ಚಲು ತಾಳ್ಮೆಯಿಲ್ಲದೆ ಹಲ್ಲಿನಿಂದ ಕಡಿದಳು. ಕೆಳಗೆ ತಂದು ಭಾವನ ಅಂಗೈಯಲ್ಲಿ ನನ್ನನ್ನು ಇಟ್ಟಳು. ಮಾಸ್ತರು ಹೆಬ್ಬೆರಳಿನಿಂದ ನನ್ನ ಅಂಚನ್ನು ಸುತ್ತಿ ಬಂದರು. ಬಿಸಿಲಿಗೆ ನಾನು ಕಾದಿದ್ದೆ. ತೂತಿನಲ್ಲಿ ದಾರದ ತುಂಡು ಸಿಕ್ಕಿತು.

"ಇದಕ್ಕ ದಾರ ಯಾಕ?"

"ಕಾಗಿ ಓಡಸಾಕ ಕಟ್ಟಿದ್ನಿರಿ ಭಾವಾರ" ಎಂದು ಅವಳು ಬಾಯಿಗೆ ಸೆರಗು ಹಚ್ಚಿ ಅತ್ತಳು. "ಪೆನ್‌ಡ್ರೈವಿನಾಗ ಎಲ್ಲಾ ಬಂದೈತಂತ ತಿಳದ್ನಿರಿ."

ಮಾಸ್ತರು ಬೈಯಲಿಲ್ಲ. "ಅತ್ರ ಏನ ಬಂತು? ಇದು ಹುಟ್ಟಿದ ಮನಿಗೆ ಹೋಗೂಣು, ನಡಿ" ಎಂದರು.

ಮರುದಿನ ಬೆಳಗ್ಗೆ ಬಸ್ಸು ಹತ್ತಿದೆವು. ನಾನು ಮಾಸ್ತರರ ಅಂಗಿಯ ಎದೆಯ ಕಿಸೆಯಲ್ಲಿದ್ದೆ. ಅರ್ಧ ಹೊರಗೆ, ಅರ್ಧ ಒಳಗೆ. ಅವರ ಎದೆಬಡಿತ ಬಾಗಲಕೋಟೆಯ ತನಕ ನನ್ನ ಬೆನ್ನಿಗೆ ಕೇಳುತ್ತಿತ್ತು.

ದಸ್ತಗೀರಸಾಬರು ಈಗಿಲ್ಲ. ಸ್ಟುಡಿಯೋವನ್ನು ಮಗಳು ಹಸೀನಾ ನಡೆಸುತ್ತಿದ್ದಳು. ಮಾಸ್ತರರ ದನಿ ಕೇಳಿದೊಡನೆ ಎದ್ದು ಬಂದು ಕೈಹಿಡಿದು ಕೂರಿಸಿದಳು.

"ಅಬ್ಬಾ ಇದ್ದಾಗಿನ ಕಂಪ್ಯೂಟರ್ ಎಲ್ಲಾ ಹಾಳಾಗಿ ಹೋದ್ವು ಕಾಕಾ. ನಿಮ್ಮ ಹಾಡು ನಮ್ಮ ಹತ್ರ ಉಳದಿಲ್ಲ. ಆದ್ರ ಸಿ.ಡಿ. ಓದೂ ಹಳೇ ಮಷಿನ್ ಒಂದ ಜ್ವಾಕಿ ಮಾಡಿ ಇಟಗೊಂಡೇನಿ" ಎಂದಳು. ಮೊದಲು ಪೆನ್‌ಡ್ರೈವನ್ನು ನೋಡಿ, "ಇದರಾಗ ಬರೇ ಮನಿ ನಂಬರ ಅದಾವು. ಮನಿ ಅಲ್ಲೇ ಬಿಟ್ಟ ಬಂದಾರ" ಎಂದಳು. ಆಮೇಲೆ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದೇನಿದು, ಮುಖದ ಮ್ಯಾಲೆ ಹಳದಿ ಕಲಿ? ಮೊದಲನೇ ಹಾಡಿನ ಮ್ಯಾಲೇ ಐತಿ."

"ಗಂಧ" ಎಂದರು ಮಾಸ್ತರು. "ನಾನ ಹಚ್ಚಿದ್ದು. ಹಂಗಾದ್ರ ಮಷಿನ್ ಕೆಟ್ಟಿದ್ದಿಲ್ಲ. ಆಕಿ ಬಾಯಿ ನಾನ ಮುಚ್ಚಿದೆ" ಎಂದರು.

ಆಗ ಶಂಕ್ರವ್ವನಿಗೆ ಹಳೆಯ ಜೋರು ತಿರುಗಿ ಬಂತು. "ಸುಮ್ನ ಕೂಡ್ರಿ ಭಾವಾರ. ನೀವು ದೇವರಂತ ತಿಳದ ಗಂಧ ಹಚ್ಚೀರಿ, ನಾ ಕಾಗಿ ಓಡಸಾಕ ಮಾಳಗಿಗೆ ಕಟ್ಟೇನಿ. ಗುರುಸಿದ್ದ ಅಂಗಿಲೆ ತಿಕ್ಕ್ಯಾನ. ಯಾರ ತಪ್ಪ ದೊಡ್ಡದಂತ ಊರಿಗೆ ಹೋಗಿ ಜಗಳಾಡೂಣು. ಮೊದಲ ಈ ಹುಡಗಿ ಏನ ಹೇಳತಾಳ ಕೇಳ್ರಿ."

ಹಸೀನಾ ನಕ್ಕಳು. ಆಮೇಲೆ ತಾನು ಮಾಡುವ ಕೆಲಸವನ್ನು ಬಿಡಿಸಿ ಹೇಳಿದಳು. "ಹಾಡ ಒಂದೊಂದ ಆರಿಸಿ ತಗಿಯೂದಲ್ಲ ಕಾಕಾ. ಮೊದಲಿನಿಂದ ಕಡೀತನಕ ಇಡೀ ತಟ್ಟೀದು ಒಂದ ಪಡಿಯಚ್ಚ ತಗೀತೇನಿ. ಹಾಡು, ನಡುವಿನ ಮಾತು, ಸುಮ್ನಿದ್ದದ್ದು, ಎಲ್ಲಾ. ಎರಡ ಸಲ ಬ್ಯಾರೆಬ್ಯಾರೆ ಓದಸ್ತೇನಿ. ಕಡೀಕ ಮಷಿನ್ ಇಡೀ ಪಡಿಯಚ್ಚಿಗೆ ಉದ್ದಂದ ಒಂದ ಅಂಕಿ ಕಟ್ಟತೈತಿ. ಎರಡೂ ಸಲದ ಅಂಕಿ ತಾಳೆ ಆದ್ರ ನಕಲು ಖರೇ. ಎಲ್ಲೇ ಒಂದ ಚುಕ್ಕಿ ಹೆಚ್ಚುಕಡಿಮಿ ಆದ್ರೂ ಅಂಕಿ ತಾಳೆ ಆಗೂದಿಲ್ಲ."

"ತುದಿಯಿಂದ ತುದಿಗೆ ಎಳಿ ಎಣಿಸಿದಂಗ" ಎಂದಳು ಶಂಕ್ರವ್ವ. ನೇಯುವವಳಿಗೆ ಕೂಡಲೆ ತಿಳಿಯಿತು.

"ನಡುವಿನ ಮಾತು ತಗದು, ಗದ್ದಲಾ ತಗದು ಚೊಕ್ಕ ಮಾಡಿ ಕೊಡ್ಲ್ಯಾ ಕಾಕಾ?"

"ಬ್ಯಾಡವ್ವ" ಎಂದರು ಮಾಸ್ತರು. "ನಿಮ್ಮಪ್ಪಾರೂ ಇದನ್ನ ಕೇಳಿದ್ರು. ಹ್ಯಾಂಗ ಐತಿ ಹಂಗ ಇರ್ಲಿ. ಹಾಡು ಇನ್ನ್ಯಾರರೆ ಕಲತು ಹಾಡ್ಯಾರು. 'ಹಿಡೀರಿ' ಅನ್ನವರು ಮತ್ತ ಸಿಗೂದಿಲ್ಲ."

ನನ್ನನ್ನು ಬಿಟ್ಟು ಅವರು ಊರಿಗೆ ಹೋದರು. ಹಸೀನಾ ಶುದ್ಧ ನೀರಿನಲ್ಲಿ ಮೆತ್ತನೆಯ ಬಟ್ಟೆ ತೋಯಿಸಿ ನನ್ನ ಮುಖದ ಮೇಲಿಟ್ಟು ಗಂಧ ನೆನೆಯಲು ಬಿಟ್ಟಳು. ಆಮೇಲೆ ನಡುವಿನಿಂದ ಅಂಚಿಗೆ ನೇರವಾಗಿ, ಒಂದೊಂದೇ ಸಲ ಒರೆಸಿದಳು. ಸುತ್ತ ಉಜ್ಜಲಿಲ್ಲ. ಸುತ್ತ ಉಜ್ಜಿದರೆ ಗೀರು ಹಾಡಿನ ದಾರಿಯಲ್ಲೇ ಬೀಳುತ್ತದೆ, ಅಡ್ಡ ಒರೆಸಿದರೆ ಬಿದ್ದ ಗೀರನ್ನು ಓದುವ ಬೆಳಕು ದಾಟಿಕೊಂಡು ಹೋಗುತ್ತದೆ. ಇದು ಅವಳಿಗೆ ಅವಳ ತಂದೆ ಕಲಿಸಿದ್ದು.

ಯಂತ್ರದೊಳಗೆ ನಾನು ಅಷ್ಟು ನಿಧಾನವಾಗಿ ಎಂದೂ ತಿರುಗಿರಲಿಲ್ಲ. ಬೆಳಕು ಗೀರಿನ ಹತ್ತಿರ ಬಂದು ಎಡವುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಯಂತ್ರಗಳಿಗೆ ಒಂದು ಜಾಣತನವಿದೆ. ಓದಲಾರದ ಕಡೆ ಅಕ್ಕಪಕ್ಕದ್ದನ್ನು ನೋಡಿ ಊಹಿಸಿ ತುಂಬಿ, ಗೊತ್ತಾಗದಂತೆ ಮುಂದೆ ಹೋಗಿಬಿಡುತ್ತವೆ. ಹಸೀನಾ ಆ ಜಾಣತನಕ್ಕೆ ಆಸ್ಪದ ಕೊಡಲಿಲ್ಲ. ಓದಿದರೆ ಓದಬೇಕು, ಇಲ್ಲವೆಂದರೆ ಇಲ್ಲವೆನ್ನಬೇಕು ಎಂದು ಯಂತ್ರಕ್ಕೆ ಕಟ್ಟಪ್ಪಣೆ ಮಾಡಿದ್ದಳು. ಮೊದಲ ದಿನ ಎರಡು ಅಂಕಿಗಳೂ ತಾಳೆಯಾಗಲಿಲ್ಲ. ಎರಡನೆಯ ದಿನವೂ ಇಲ್ಲ. ಅವಳು ಮತ್ತೆ ತೊಳೆದಳು, ಮತ್ತೆ ಒಣಗಿಸಿದಳು, ಗಿರಾಕಿಗಳ ನಡುವೆ ಮತ್ತೆ ಮತ್ತೆ ಓದಿಸಿದಳು. ನಾಲ್ಕನೆಯ ದಿನ ಮಧ್ಯಾಹ್ನ ನಮಾಜು ಮುಗಿಸಿ ಬಂದು ನೋಡುವಾಗ ಅಂಕಿಗಳು ತಾಳೆಯಾಗಿದ್ದವು. ಬೆರಳಿಟ್ಟು, ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳಿಕೊಂಡು ತಾಳೆ ನೋಡಿ, "ಅಲ್ಹಮ್ದುಲಿಲ್ಲಾ" ಎಂದು ದೇವರನ್ನು ಕೊಂಡಾಡಿದಳು.

ಒಂದು ಕಡೆ ಮಾತ್ರ, ಗೀರು ಆಳವಾಗಿದ್ದ ಕಡೆ, ಎಷ್ಟು ಓದಿಸಿದರೂ ನಾಲ್ಕು ಸೆಕೆಂಡು ಬರಲಿಲ್ಲ. ಎರಡೂ ಸಲ ಯಂತ್ರ ಅಲ್ಲಿ ಇಲ್ಲವೆಂದೇ ಹೇಳಿತ್ತು. ಎರಡನೆಯ ಹಾಡಿನಿಂದ ಅಂಥದೇ ತುಣುಕು ತಂದು ಅಲ್ಲಿ ಕೂರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಆ ತುಣುಕನ್ನು ಹುಡುಕಿಯೂ ಇಟ್ಟಿದ್ದಳು. ಬಹಳ ಹೊತ್ತು ಅದನ್ನೇ ನೋಡಿ, ಕೊನೆಗೆ ಹಾಗೆಯೇ ಬಿಟ್ಟಳು.

ಮಾಸ್ತರು, ಶಂಕ್ರವ್ವ ಮತ್ತೆ ಬಂದರು. ಹಸೀನಾ ಪಡಿಯಚ್ಚನ್ನು ಹೊಸ ಪೆನ್‌ಡ್ರೈವಿಗೆ ಇಳಿಸಿ, ಅಲ್ಲಿಯೂ ಅಂಕಿ ತಾಳೆ ನೋಡಿ, ಅದರಿಂದಲೇ ಹಚ್ಚಿದಳು. ಸ್ಪೀಕರಿನಲ್ಲಿ ಮೊದಲು ಯಾರೋ ಬಳೆ ಸರಿಸಿದ ಸದ್ದು. ಆಮೇಲೆ, ಇಲ್ಲೇ ಪಕ್ಕದಲ್ಲಿ ಕುಳಿತವರಂತೆ:

"ಹೂಂ, ಹಿಡೀರಿ."

ಮಾಸ್ತರರ ಬೆರಳುಗಳು ತೊಡೆಯ ಮೇಲೆ ತಾವಾಗಿ ಎದ್ದವು. ಪೇಟಿ ಇರಲಿಲ್ಲ, ಧೋತರದ ಮೇಲೆಯೇ ಬೆರಳಾಡಿತು. ಸ್ಪೀಕರಿನಲ್ಲಿ ಪೇಟಿ ಶುರುವಾಗಿ, ನಡುವೆ ಥಟ್ಟನೆ ನಿಂತಿತು. ಬರಿದು. ಅಕ್ಕೋರ ದನಿ ಏಳುವ ಹೊತ್ತಿಗೆ ಸರಿಯಾಗಿ ಪೇಟಿ ಮತ್ತೆ ಬಂತು.

ಹಸೀನಾ ನಿಲ್ಲಿಸಿದಳು. "ಕಾಕಾ, ಇಲ್ಲಿ ನಾಕು ಸೆಕೆಂಡ್ ಸಿಗಲಿಲ್ಲ. ಬ್ಯಾರೆ ಕಡೀಲಿಂದ ತಂದ ತುಂಬಬಹುದಿತ್ತು. ನನಗ ಮನಸ್ಸ ಬರಲಿಲ್ಲ."

"ಅಲ್ಲೆ ಆಕಿ ದನಿ ಇತ್ತೇನವ್ವ?"

"ಇಲ್ಲ ಕಾಕಾ. ಬರೇ ನಿಮ್ಮ ಪೇಟಿ."

ಮಾಸ್ತರು ನಕ್ಕರು. ಒಂದು ವರ್ಷದಿಂದ ಆ ನಗೆ ನಾನು ಕೇಳಿರಲಿಲ್ಲ. "ಹಂಗಾದ್ರ ಹೋದದ್ದು ನಂದು. ಹೋಗ್ಲಿ ಬಿಡು. ನಾನ ಅದೀನಲ್ಲ, ಬಾರಸಾಕ" ಎಂದರು.

ಪಡಿಯಚ್ಚಿನ ಇನ್ನೊಂದು ಪ್ರತಿ ಸ್ಟುಡಿಯೋದಲ್ಲಿ ಉಳಿಯಿತು. ಮತ್ತೊಂದನ್ನು ಗುರುಸಿದ್ದ ಕೇಳಿ ಇಸಿದುಕೊಂಡು ತನ್ನ ಅಂಗಡಿಯಲ್ಲಿ ಇಟ್ಟುಕೊಂಡಿದ್ದಾನೆ. ಈಗ ಯಾರು ಹಾಡು ಹಾಕಿಸಿಕೊಳ್ಳಲು ಹೋದರೂ, "ನಿಲ್ರಿ, ಪೂರ್ತಿ ಕೇಳಿ ನೋಡೇ ಒಯ್ರಿ" ಎಂದು ಕೂರಿಸುತ್ತಾನಂತೆ. "ಆ ಅಂಗಡ್ಯಾಗ ಒಂದ ಹಾಡಿಗೆ ಹೋದ್ರ ಭಜನಿಗೆ ಹೋದಷ್ಟ ಹೊತ್ತ ಆಗತೈತಿ" ಎಂದು ಶಂಕ್ರವ್ವ ಆಡಿಕೊಳ್ಳುತ್ತಾಳೆ.

ನನಗೆ ಈಗ ವಯಸ್ಸಾಯಿತು. ಬಿಸಿಲಿಗೆ ಬಣ್ಣ ಕಂದಿದೆ, ಗೀರುಗಳು ಉಳಿದಿವೆ. ಇನ್ನು ನನ್ನನ್ನು ಯಾರೂ ತಿರುಗಿಸುವುದಿಲ್ಲ. ಖಣದ ಚೀಲದಲ್ಲಿ, ದೇವರ ಜಗಲಿಯ ಮೇಲೆ, ಹೊಸ ಪೆನ್‌ಡ್ರೈವಿನ ಪಕ್ಕದಲ್ಲಿ ಕುಳಿತಿದ್ದೇನೆ. ಮೊನ್ನೆಯ ಖಂಡೇಪೂಜೆಗೆ ನನಗೂ ಗಂಧ ಬಂತು. ಶಂಕ್ರವ್ವ ಭಾವನ ಕೈಹಿಡಿದು, "ಈ ಮಗ್ಗಲಿಗೆ ಭಾವಾರ, ಈ ಮಗ್ಗಲಿಗೆ" ಎಂದು ಹೆಸರು ಬರೆದ ಕಡೆಗೆ ಹಚ್ಚಿಸಿದಳು. ಹಳೆಯ ಗಂಧದ ಗೀರು ಹೊಳೆಯುವ ಮುಖದ ಮೇಲೆ ಹಾಗೇ ಇದೆ. ಅದು ನನಗೆ ಗಾಯವೆನಿಸುವುದಿಲ್ಲ.

ಯಾಕೆಂದರೆ ಪ್ರತಿ ಸೋಮವಾರ ಭಜನೆಯವರು ಕೂಡುತ್ತಾರೆ. ಶಂಕ್ರವ್ವ ಪೆನ್‌ಡ್ರೈವ್ ಸಿಕ್ಕಿಸುತ್ತಾಳೆ. "ಹೂಂ, ಹಿಡೀರಿ" ಎನ್ನುತ್ತಾರೆ ಅಕ್ಕೋರು. ಒಳಗಿನ ಪೇಟಿ ಶುರುವಾಗುತ್ತದೆ, ನಿಲ್ಲುತ್ತದೆ. ನಿಂತ ಕಡೆಯಿಂದ ಪಡಸಾಲೆಯ ಪೇಟಿ ಏಳುತ್ತದೆ. ನಾಲ್ಕು ಸೆಕೆಂಡು ಮಾಸ್ತರು ಒಬ್ಬರೇ ದಾರಿ ಮಾಡಿಕೊಡುತ್ತಾರೆ. ಆ ದಾರಿಯಲ್ಲಿ ಅಕ್ಕೋರು ಹಾಡುತ್ತ ಬರುತ್ತಾರೆ. ಎಲ್ಲವೂ ನಕಲಾಗಿ ಬಂದಿದ್ದರೆ ಮಾಸ್ತರು ಕೈಕಟ್ಟಿ ಕೇಳುತ್ತಿದ್ದರೋ ಏನೋ. ಶಿವನು ಅವರಿಗಾಗಿ ಅಷ್ಟು ಜಾಗ ಉಳಿಸಿದನೆಂದು ನಾನು ನಂಬಿದ್ದೇನೆ.

ತಂದೆ ಶಿವನೇ, ನನ್ನದೆಂದು ಹೇಳಿಕೊಳ್ಳಲು ನನ್ನಲ್ಲಿ ಏನೂ ಇಲ್ಲ. ಬರೆದವರು ಬರೆದರು, ಓದಿಸಿದವರು ಓದಿಸಿದರು. ಹಾಸೂ ನಿನ್ನದು, ಹೊಕ್ಕೂ ನಿನ್ನದು. ನಿನ್ನ ಹೆಸರನ್ನು ನನ್ನ ಮೈಯಲ್ಲಿ ಇಟ್ಟುಹೋದ ಕಾಶೀಬಾಯಿ ಅಕ್ಕೋರ ಆತ್ಮಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು. ನನ್ನನ್ನು ಮೊದಲು ಮುಟ್ಟಿ ಬರೆದ ದಸ್ತಗೀರಸಾಬರಿಗೂ ಕೊಡು. ಅಲ್ಲಿ ಅಕ್ಕೋರು ಹಾಡಲು ಕುಳಿತಾಗ ಪೇಟಿಗಾಗಿ ಪಕ್ಕಕ್ಕೆ ತಿರುಗಿ ನೋಡಿದರೆ, ಮಾಸ್ತರು ಇನ್ನೂ ಇಲ್ಲಿಯೇ ಬಾರಿಸುತ್ತಿದ್ದಾರೆಂದು ಹೇಳು. ಅವರು ನೆಮ್ಮದಿಯಿಂದ ಕಾಯಲಿ.